ಕೆರೆದು ನೋಡಿದ ತಂತಿ

“ಗುರುಗಳೇ, ಇನ್ನು ಮುಂದೆ ನಿಮ್ಮ ಯಾವ ಮಾತನ್ನೂ ಪ್ರಶ್ನಿಸದೆ ನಂಬುವುದೆಂದು ಗಟ್ಟಿ ಮನಸ್ಸು ಮಾಡಿದ್ದೇನೆ. ಇದು ನಿಷ್ಠೆಯಲ್ಲವೇ?” ಎಂದು ಕೊಟ್ರಯ್ಯ ಕೇಳಿದ. ಅವನು ಮಠಕ್ಕೆ ಬಂದು ಹನ್ನೆರಡು ವರ್ಷವಾಗಿತ್ತು. ಉತ್ತರವನ್ನು ಮೊದಲೇ ಜೇಬಿನಲ್ಲಿಟ್ಟುಕೊಂಡು ಬಂದವನಂತೆ ಕುಳಿತಿದ್ದ.

ಗುರುಗಳು ಅವನಿಗೊಂದು ಕತೆ ಹೇಳಿದರು.

ಒಂದು ಊರಿನಲ್ಲಿ ಮಿಕ್ಸಿ ರಿಪೇರಿ ಮಾಡುವವನೊಬ್ಬನಿದ್ದ. ಮೂವತ್ತು ವರ್ಷದಿಂದ ಅದೇ ಕೆಲಸ. ಊರಿನಲ್ಲಿ ಯಾರೇ ಮಿಕ್ಸಿ ಕೊಳ್ಳಬೇಕಾದರೂ ಮೊದಲು ಅವನ ಬಳಿ ಬಂದು ಯಾವ ಕಂಪನಿಯದು ತಗೊಳ್ಳಲಿ ಎಂದು ಕೇಳುತ್ತಿದ್ದರು. ಅವನು ಯಾವಾಗಲೂ ಒಂದೇ ಹೆಸರು ಹೇಳುತ್ತಿದ್ದ. ಬೆಲೆ ಜಾಸ್ತಿಯಾಯಿತಲ್ಲ ಎಂದು ಯಾರಾದರೂ ಗೊಣಗಿದರೆ, ಇವತ್ತು ನಾಲ್ಕು ಕಾಸು ಹೆಚ್ಚು ಕೊಡಿ, ಇಪ್ಪತ್ತು ವರ್ಷ ನನ್ನ ಅಂಗಡಿಯ ಮೆಟ್ಟಿಲು ಹತ್ತುವ ಕೆಲಸವಿರುವುದಿಲ್ಲ ಎನ್ನುತ್ತಿದ್ದ. ರಿಪೇರಿಯವನೇ ಹೀಗೆ ಹೇಳಿದ ಮೇಲೆ ನಂಬದವರು ಯಾರು? ಅವನು ಹೇಳುತ್ತಿದ್ದುದು ನಿಜವೂ ಆಗಿತ್ತು. ಆ ಮಿಕ್ಸಿಗಳನ್ನು ಬಿಚ್ಚಿ, ಮೋಟಾರಿನಲ್ಲಿ ಅಪ್ಪಟ ತಾಮ್ರದ ತಂತಿ ಸುತ್ತಿದ್ದನ್ನು ಅವನು ಕಣ್ಣಾರೆ ನೋಡಿದ್ದ.

ಊರಿಗೆಲ್ಲ ಆ ಹೆಸರಿನ ಹುಚ್ಚು ಹಿಡಿಯಿತು. ಮದುವೆಯ ಉಡುಗೊರೆ ಜೋಡಿಸುವಾಗ ಹೆಣ್ಣಿನ ಕಡೆಯವರು ಮಿಕ್ಸಿಯ ಹೆಸರು ಬೀಗರಿಗೆ ಕಾಣುವಂತೆ ಮುಂದಕ್ಕೆ ತಿರುಗಿಸಿ ಇಡುತ್ತಿದ್ದರು. ಕಂಪನಿಯವರು ಸಂತೋಷಪಟ್ಟು ರಿಪೇರಿಯವನಿಗೆ ತಮ್ಮ ಹೆಸರಿನ ಒಂದು ದೊಡ್ಡ ಬೋರ್ಡು ಕೊಟ್ಟರು. ಅವನಿಗೆ ಹೊಲವಿರಲಿಲ್ಲ, ಸ್ವಂತ ಮನೆಯಿರಲಿಲ್ಲ. ಊರಿನಲ್ಲಿ ಅವನ ಮಾತು ನಡೆಯುತ್ತಿತ್ತು, ಅದೇ ಅವನ ಆಸ್ತಿ.

ಕೆಲವು ವರ್ಷಗಳಾದ ಮೇಲೆ ಆ ಕಂಪನಿ ಬೇರೆಯವರ ಕೈಗೆ ಹೋಯಿತು. ಮಿಕ್ಸಿಯ ಆಕಾರ ಅದೇ, ಬಣ್ಣ ಅದೇ, ಹೆಸರಿನ ಅಕ್ಷರಗಳೂ ಅವೇ. ಆದರೆ ವರ್ಷ ತುಂಬುವ ಮೊದಲೇ ಮೋಟಾರುಗಳು ಸುಟ್ಟುಹೋಗತೊಡಗಿದವು. ರಿಪೇರಿಯವನು ವೋಲ್ಟೇಜನ್ನು ಬೈದ. ಬಿಸಿ ಕೊಬ್ಬರಿ ಹಾಕಿದ್ದೀರಿ ಎಂದ. ಗುಂಡಿಯನ್ನು ಬಹಳ ಹೊತ್ತು ಒತ್ತಿ ಹಿಡಿದಿದ್ದೀರಿ ಎಂದ. ಸುಟ್ಟ ತಂತಿಯನ್ನು ಕಿತ್ತು ಚೀಲಕ್ಕೆ ಎಸೆದು ಹೊಸದು ಸುತ್ತಿ ಕೊಡುತ್ತಿದ್ದನೇ ಹೊರತು, ಕಿತ್ತದ್ದನ್ನು ಒಮ್ಮೆಯೂ ನೋಡಲಿಲ್ಲ. ಹೆಸರು ಗೊತ್ತಿದ್ದ ಮೇಲೆ ನೋಡುವುದೇನಿದೆ?

ಚೀಲ ತುಂಬಿದಾಗ ಗುಜರಿಯವನ ಬಳಿಗೆ ಹೊತ್ತುಕೊಂಡು ಹೋದ. ಗುಜರಿಯವನಿಗೆ ಓದಲು ಬಾರದು. ಯಾರು ಏನು ತಂದರೂ ಚಾಕುವಿನಿಂದ ಒಂದು ಸಲ ಕೆರೆದು ನೋಡುವುದು ಅವನ ಪದ್ಧತಿ. ತಂತಿಯ ತುದಿಯನ್ನು ಕೆರೆದ. ಮೇಲಿನ ಕೆಂಪು ಬಣ್ಣ ಉದುರಿ ಒಳಗೆ ಬೆಳ್ಳಗೆ ಕಂಡಿತು. ಇದು ತಾಮ್ರವಲ್ಲ, ಅಲ್ಯೂಮಿನಿಯಂ ಎಂದು ಚೀಲವನ್ನು ಹಿಂದಕ್ಕೆ ತಳ್ಳಿದ. ರಿಪೇರಿಯವನಿಗೆ ಮೈಯೆಲ್ಲ ಉರಿಯಿತು. ಚಾಕು ಹಿಡಿದವನೆಲ್ಲ ಪಂಡಿತನಾದನೇ ಎಂದು ಬೈದು ಚೀಲವನ್ನು ಅಂಗಡಿಗೆ ವಾಪಸು ತಂದ. ಒಂದೊಂದಾಗಿ ಕೆರೆದ. ಎಲ್ಲವೂ ಬಿಳಿ.

ಅವತ್ತು ಅವನು ಯಾರಿಗೂ ಹೇಳಬಾರದೆಂದು ನಿಶ್ಚಯಿಸಿದ. ಹೇಳಿದರೆ ಬೋರ್ಡು ಹೋಗುತ್ತದೆ. ಬೋರ್ಡಾದರೂ ಹೋಗಲಿ, ಇಷ್ಟು ವರ್ಷದ ಮಾತು ಹೋಗುತ್ತದೆ. ಮರುದಿನದಿಂದ ಮತ್ತೆ ವೋಲ್ಟೇಜನ್ನೇ ಬೈದ. ಗೊತ್ತಿಲ್ಲದಾಗ ಹೇಳಿದ್ದು ತಪ್ಪು. ಗೊತ್ತಾದ ಮೇಲೆ ಹೇಳಿದ್ದು ಸುಳ್ಳು.

ಒಂದು ತಿಂಗಳು ಕಳೆಯಿತು. ಒಬ್ಬ ಹೆಂಗಸು ಮಿಕ್ಸಿಯನ್ನು ಕಂಕುಳಲ್ಲಿಟ್ಟುಕೊಂಡು ಬಂದಳು. ಮೂರು ಖಾನಾವಳಿಗಳಿಗೆ ಶೇಂಗಾ ಚಟ್ನಿಪುಡಿ ಮಾಡಿ ಕೊಟ್ಟು ಬದುಕುವವಳು. ಕೊಳ್ಳುವಾಗ ಅಂಗಡಿಯಲ್ಲಿ ಪಕ್ಕದಲ್ಲೇ ಅರ್ಧ ಬೆಲೆಯ ಮಿಕ್ಸಿ ಇದ್ದರೂ ಅವನ ಮಾತು ಕೇಳಿ ಇದನ್ನೇ ಕೊಂಡಿದ್ದಳು. ಅವಳ ಮೋಟಾರು ಸುಟ್ಟದ್ದು ಇದು ಎರಡನೇ ಸಲ; ಮೊದಲ ಸಲ ಕಂಪನಿಯವರೇ ಮೋಟಾರು ಬದಲಿಸಿ ಕೊಟ್ಟಿದ್ದರು. ಜಗಳಕ್ಕೆ ಬಂದಿದ್ದರೆ ಅವನ ಬಳಿ ಉತ್ತರ ಸಿದ್ಧವಿತ್ತು. ಅವಳು ಜಗಳವಾಡಲಿಲ್ಲ.

“ಅಣ್ಣ, ಮಿಷಿನ್ದು ತಪ್ಪು ಇರಾಕಿಲ್ಲ, ಅದಕ್ಕ ಹೆಸರೈತಿ” ಎಂದಳು. “ನನ್ನ ಕೈಗುಣನ ಸರಿ ಇಲ್ಲ. ಇನ್ನ ಮ್ಯಾಲೆ ಪಕ್ಕದ ಮನಿಯಾಕಿನ್ನ ಕರದು ಗುಂಡಿ ಒತ್ತಸ್ತೀನಿ. ಮತ್ತೊಮ್ಮೆ ಸುಟ್ರ ಈ ಕೆಲಸನ ಬಿಡ್ತೀನಿ.”

ರಿಪೇರಿಯವನಿಗೆ ನಾಚಿಕೆಯಾಯಿತು. ತನ್ನ ಮಾತನ್ನು ಉಳಿಸಿಕೊಳ್ಳಲು ಹೋಗಿ ಒಬ್ಬಳ ಕೈಗೆ ದೋಷ ಅಂಟಿಸಿದ್ದೇನೆ ಎಂದು ಅವನಿಗೆ ಆಗ ತಿಳಿಯಿತು. ಸ್ಟೂಲು ಎಳೆದುಕೊಂಡು ಹತ್ತಿ ಬೋರ್ಡನ್ನು ಇಳಿಸಿದ. ಹಳೆಯ ತಾಮ್ರದ ತಂತಿಯನ್ನೂ ಅವಳ ಮಿಕ್ಸಿಯಿಂದ ಕಿತ್ತ ತಂತಿಯನ್ನೂ ಕೆರೆದು ಅವಳ ಮುಂದೆ ಇಟ್ಟ.

“ನಿನ್ನ ಕೈಗುಣ ಚಲೋ ಐತಿ, ತಂಗಿ. ತಪ್ಪು ನಂದು. ನಾನು ನೋಡದನ ಹೇಳಿದೆ” ಎಂದ. ಅಲ್ಲೇ ಕುಳಿತು ತಾಮ್ರದ ತಂತಿ ಸುತ್ತಿ ಕೊಟ್ಟ. ಕೂಲಿ ತೆಗೆದುಕೊಳ್ಳಲಿಲ್ಲ.

ಆಮೇಲೆ ಬಂದವರಿಗೆಲ್ಲ ಅದನ್ನೇ ಹೇಳಿದ. ಕಂಪನಿಯ ಮನುಷ್ಯ ಬಂದು ಕೋರ್ಟು ಕಚೇರಿ ಎಂದು ಹೆದರಿಸಿದಾಗ ಅವನ ಕೈಗೆ ಚಾಕು ಕೊಟ್ಟು ನೀವೇ ಕೆರೆಯಿರಿ ಎಂದ. ಅವನು ಕೆರೆಯದೆ ಹೋದ. ಊರಿನವರಿಗೆ ಸಿಟ್ಟು ಬಂದದ್ದು ಮಾತ್ರ ಕಂಪನಿಯ ಮೇಲಲ್ಲ, ಇವನ ಮೇಲೆ. ಬೀಗರ ಮುಂದೆ ತಮ್ಮ ಮಾನ ಕಳೆದನೆಂದು ಮಾತು ಬಿಟ್ಟರು. ಅವನು ಜಗ್ಗಲಿಲ್ಲ. ಹಾಗಾದರೆ ಈಗ ಯಾವ ಕಂಪನಿಯದು ಒಳ್ಳೆಯದು ಎಂದು ಕೇಳಿದವರಿಗೆ ಒಂದು ಹೆಸರನ್ನೂ ಹೇಳಲಿಲ್ಲ. ಬಿಚ್ಚಿಸಿ ನೋಡಿ, ಕೆರೆದು ನೋಡಿ, ಆಮೇಲೆ ಕೊಳ್ಳಿ ಎನ್ನುತ್ತಿದ್ದ. ಅಗ್ಗದ್ದೇ ಜಾಣತನವೆಂದು ಹೊರಟವರಿಗೂ ಅದೇ ಮಾತು. ಅಗ್ಗದವುಗಳಲ್ಲಿ ಕೆಲವು ತಾಮ್ರ, ಕೆಲವು ಬರೀ ಬಣ್ಣ.

ಗುರುಗಳು ಇಲ್ಲಿಗೆ ನಿಲ್ಲಿಸಿದರು. ಕೊನೆಗೆ ಊರಿನವರು ಕೆರೆದು ನೋಡುವುದನ್ನು ಕಲಿತಿರಬೇಕು ಎಂದು ಕೊಟ್ರಯ್ಯ ಸಮಾಧಾನಪಟ್ಟುಕೊಂಡ. ಗುರುಗಳಿಗೆ ನಗು ಬಂತು.

ಎಲ್ಲಿಯ ಕಲಿಯುವುದು! ಇಂಥ ನಿಯತ್ತಿನ ಮನುಷ್ಯ ಇನ್ನೊಬ್ಬನಿಲ್ಲ ಎಂದು ಊರಿನವರು ಆರು ತಿಂಗಳಲ್ಲಿ ಮತ್ತೆ ಅವನ ಬಳಿಗೇ ಬಂದರು. ಸಿಕ್ಕಿದ ಮಿಕ್ಸಿಯನ್ನು ಕೊಂಡು ತಂದು, ಇದರ ಅಡಿಯಲ್ಲಿ ನಿನ್ನ ಹೆಸರು ಬರೆದುಕೊಡು, ನಮಗೆ ಅಷ್ಟು ಸಾಕು ಎಂದರು. ಅವನು ಬರೆಯಲಿಲ್ಲ. ಒಬ್ಬ ವ್ಯಾಪಾರಿ ಅವನನ್ನು ಕೇಳದೆಯೇ ಆ ಹೆಸರನ್ನು ತನ್ನ ಮಿಕ್ಸಿಗಳ ಅಡಿಯಲ್ಲಿ ಬಣ್ಣದಲ್ಲಿ ಬರೆದು ಮಾರತೊಡಗಿದ. ಯಾರೂ ಬಿಚ್ಚಿ ನೋಡಲಿಲ್ಲ.

ಚಟ್ನಿಪುಡಿಯ ಹೆಂಗಸು ಒಬ್ಬಳೇ ಬೇರೆ. ಕೆಲಸ ಹೆಚ್ಚಾಗಿ ಅವಳು ಇನ್ನೊಂದು ಮೋಟಾರು ಸುತ್ತಿಸಿದಳು. ರಿಪೇರಿಯವನು ಅದನ್ನು ಮುಚ್ಚುವ ಮೊದಲು, ತಡಿ ಅಣ್ಣ ಎಂದು ಚಾಕು ತೆಗೆದುಕೊಂಡು, ಅವನ ಕಣ್ಣೆದುರಿಗೇ ಅವನು ಸುತ್ತಿದ ತಂತಿಯ ತುದಿಯನ್ನು ಕೆರೆದು ನೋಡಿದಳು. ಕೆಂಪಗಿತ್ತು. ಆಮೇಲೆ ಕೂಲಿ ಕೊಟ್ಟಳು. ಅವನಿಗೆ ಬೇಸರವಾಗಲಿಲ್ಲ. ಸಂತೋಷಕ್ಕೆ ಕಣ್ಣು ತುಂಬಿ ಬಂತು.

ಕೊಟ್ರಯ್ಯನಿಗೆ ಇದು ಸರಿಬೀಳಲಿಲ್ಲ. “ತನಗಾಗಿ ಎಲ್ಲವನ್ನೂ ಕಳೆದುಕೊಂಡವನನ್ನೇ ಆಕೆ ಅನುಮಾನಿಸಿದಳೇ?” ಎಂದು ಕೇಳಿದ.

“ಆ ಊರಿನಲ್ಲಿ ಅವನಿಗೆ ಸಿಕ್ಕಿದ ಶಿಷ್ಯೆ ಅವಳೊಬ್ಬಳೇ, ಕೊಟ್ರಯ್ಯ, ನನಗೆ ಇನ್ನೂ ಒಬ್ಬರೂ ಸಿಕ್ಕಿಲ್ಲ” ಎಂದರು ಗುರುಗಳು.