ಸಾಹೇಬರ ಕ್ಲಿಪ್ಪು

ನಮ್ಮೂರ ಶಾಲೆಗೆ ಭಾವನೆಗಳ ಪಾಠ ಬಂತು. ಗೋಡೆ ಮೇಲೆ ಎರಡು ಚಿತ್ರ: ನಗುಮುಖ, ಸಿಟ್ಟಿನ ಮುಖ. ಮನಸ್ಸು ಹೇಗಿದೆಯೋ ಆ ಚಿತ್ರದ ಕೆಳಗಿನ ದಾರಕ್ಕೆ ತಂತಮ್ಮ ಹೆಸರಿನ ಕ್ಲಿಪ್ಪು ಸಿಕ್ಕಿಸಬೇಕು. ಇನ್ನೊಬ್ಬರದನ್ನು ಮುಟ್ಟುವಂತಿಲ್ಲ.

ತಪಾಸಣೆಗೆ ಬಂದ ಸಾಹೇಬರು ತಾವೂ ಒಂದು ಕ್ಲಿಪ್ಪಿನ ಮೇಲೆ ಹೆಸರು ಬರೆದು ನಗುಮುಖಕ್ಕೆ ಸಿಕ್ಕಿಸಿದರು. ಅವರು ಬರುತ್ತಾರೆಂದು ಆಟ ರದ್ದಾಗಿತ್ತು. ಮಕ್ಕಳದೆಲ್ಲ ಸಿಟ್ಟಿನ ಕಡೆಗಿತ್ತು.

"ಮೇಷ್ಟ್ರೇ, ನಾನು ಟೀ ಕುಡಿದು ಬರೋದ್ರೊಳಗೆ ಮಕ್ಕಳೆಲ್ಲ ನಗುಮುಖದ ಕೆಳಗಿರಬೇಕು. ಇಲ್ಲಾಂದ್ರೆ ನಿಮ್ಮನ್ನ ಎತ್ತಂಗಡಿ ಮಾಡಿಸ್ತೀನಿ!"

ಮೇಷ್ಟ್ರು ಬೆವೆತರು. ಶಾಲೆಯ ಆಯಾ ಸ್ಟೂಲು ಹತ್ತಿ ಚಿತ್ರಗಳನ್ನೇ ಅದಲುಬದಲು ಮಾಡಿದಳು.

ವಾಪಸು ಬಂದ ಸಾಹೇಬರು ಮೊದಲು ಹಿಗ್ಗಿದರು. ಆಮೇಲೆ ಕಿರುಚಿದರು: "ನನ್ನದನ್ನ ಸಿಟ್ಟಿನ ಕಡೆ ಹಾಕಿದ್ಯಾರು?"

ಮಕ್ಕಳು ಗೊಳ್ಳೆಂದು ನಕ್ಕರು.

"ಕ್ಲಿಪ್ಪು ಯಾರೂ ಮುಟ್ಟಿಲ್ಲ ಸಾರ್," ಅಂದಳು ಆಯಾ. "ನೋಡಿ, ಈಗ ಎಲ್ಲರದೂ ಸರಿಯಾಗೇ ಇದೆ."