ಒಂಟಿಕದದ ದುರ್ಗ

ಕಣಿವೆಹಳ್ಳಿಯ ಬಸ್‌ಸ್ಟ್ಯಾಂಡಿನಲ್ಲಿ ಇಳಿದು ಪಡುವಣಕ್ಕೆ ತಿರುಗಿದರೆ, ಆನೆಗಳು ಒಂದರ ಮೈಗೊಂದು ಒರಗಿ ನಿಂತಂತೆ ಕಾಣುವ ಬಂಡೆಗಳ ಸಾಲೇ ಒಂಟಿಕದದ ದುರ್ಗ. ಹತ್ತಲು ಅರ್ಧ ಗಂಟೆ ಸಾಕು; ನನ್ನ ವಯಸ್ಸಿನವರಿಗೆ ಮುಕ್ಕಾಲು. ಕೋಟೆಯೆಂದು ಈಗ ಉಳಿದಿರುವುದು ಎರಡಾಳೆತ್ತರದ ಗೋಡೆ, ಪಾಚಿ ಕಟ್ಟಿದ ಒಂದು ಕೊಳ, ಮೂಡಣಕ್ಕೆ ಮುಖ ಮಾಡಿದ ಹೆಬ್ಬಾಗಿಲು. ಆ ಹೆಬ್ಬಾಗಿಲಿಗೆ ಒಂದೇ ಕದ, ಬಲಗಡೆಯದು. ಕಬ್ಬಿಣದ ಪಟ್ಟಿ ಬಿಗಿದ ಹೊನ್ನೆಮರದ ಆ ಕದದ ಮೇಲೆ ಹಂಸವೊಂದರ ಹಿಂಭಾಗ ಮಾತ್ರ ಇದೆ: ಬಾಲ, ಹೊಟ್ಟೆ, ಒಂದು ಕಾಲು. ಕತ್ತು ಕೊಕ್ಕುಗಳಿರಬೇಕಾದ ಕಡೆ ಬರೀ ಬಯಲು, ಅದರಾಚೆ ಶೇಂಗಾ ಹೊಲ. ಎಡಗದದ ಬುಡ ಕೂರುತ್ತಿದ್ದ ಕಲ್ಲಿನ ಕುಳಿ ಎಣ್ಣೆಯ ಜಿಡ್ಡಿನಿಂದ ಮಿನುಗುತ್ತಿರುತ್ತದೆ. ಪಕ್ಕದಲ್ಲೊಂದು ನೀಲಿ ಬೋರ್ಡು: 'ಸಂಜೆ ಐದೂವರೆಗೆ ಬಾಗಿಲು ಮುಚ್ಚಲಾಗುವುದು.' ಹೇಗೆ ಎಂದು ಬರೆಸಿದವರನ್ನು ಈವರೆಗೆ ಯಾರೂ ಕೇಳಿಲ್ಲ.

ಆ ಕುಳಿಗೆ ಎಣ್ಣೆ ಬಿಡುವುದು ಊರಿನ ಗಾದ್ರಮ್ಮಜ್ಜಿಯ ಮನೆತನದವರ ಹಕ್ಕು. ಕಥೆ ಹೇಳುವುದೂ ಅವರದೇ. ಮೂವತ್ತು ವರ್ಷಗಳಿಂದ ಕೇಳುತ್ತಿದ್ದೇನೆ. ಕಥೆಯಲ್ಲಿ ಬರುವ ಚಕ್ರವರ್ತಿಯ ಆನೆಗಳ ಸಂಖ್ಯೆ ಏರುತ್ತಾ ಹೋಗಿದೆಯೇ ಹೊರತು ಉಳಿದದ್ದು ಬದಲಾಗಿಲ್ಲ.

ಹಿಂದೆ ಒಮ್ಮೆ ಈ ಸೀಮೆಯಲ್ಲೆಲ್ಲ ಸಣ್ಣಸಣ್ಣ ಪಾಳೆಯಗಳಿದ್ದವು. ಹೊಳೆಯಾಚೆ, ಹನ್ನೆರಡು ದಿನದ ದಾರಿಯಲ್ಲಿ, ಚಕ್ರವರ್ತಿಯ ಪಟ್ಟಣ. ಅವನನ್ನು ಇಲ್ಲಿಯವರಾರೂ ಕಣ್ಣಿಂದ ಕಂಡಿರಲಿಲ್ಲ, ಆದರೂ ಅವನಿಲ್ಲದ ಮನೆಯಿರಲಿಲ್ಲ. ಅವನ ಮುದ್ರೆಯ ನಾಣ್ಯವಿಲ್ಲದೆ ಸಂತೆಯಲ್ಲಿ ಉಪ್ಪು ಹುಟ್ಟುತ್ತಿರಲಿಲ್ಲ. ಇಲ್ಲಿಯವರು ತಲೆತಲಾಂತರದಿಂದ ರುಮಾಲನ್ನು ಬಲಕ್ಕೆ ವಾಲಿಸಿ ಸುತ್ತುತ್ತಿದ್ದರು. ಪಟ್ಟಣದಲ್ಲಿ ಎಡಕ್ಕೆ ಸುತ್ತುತ್ತಾರೆಂದು ಸುದ್ದಿ ಬಂದದ್ದೇ ತಡ, ತಿಂಗಳೊಳಗೆ ಕುರಿ ಕಾಯುವವರ ರುಮಾಲೂ ಎಡಕ್ಕೆ ವಾಲಿತು. ಅವನನ್ನು ಬೈಯುವವರು ಸಹ ಪಟ್ಟಣದ ಬೈಗುಳವನ್ನೇ ಬಳಸುತ್ತಿದ್ದರು ಎನ್ನುತ್ತಾರೆ.

ಒಂದು ವರ್ಷ ಆ ಚಕ್ರವರ್ತಿಯಿಂದ ಪಾಳೆಯಗಳಿಗೆಲ್ಲ ಓಲೆ ಬಂತು. ನಮ್ಮ ಕೊಡೆಯ ನೆರಳಲ್ಲಿರುವವರಿಗೆ ಕೋಟೆಯ ಕದವೇಕೆ? ಹೆಬ್ಬಾಗಿಲಿನ ಎರಡು ಕದಗಳನ್ನೂ ಕಳಚಿ ಕಳಿಸಿರಿ, ಜೊತೆಗೆ ನಾಯಕನೂ ಬಂದು ಪಟ್ಟಣದಲ್ಲಿರಲಿ. ಎರಡೂ ಕದ ಒಪ್ಪಿಸಿದ ಕೋಟೆಗೆ ಚಕ್ರವರ್ತಿಯ ದಂಡಿನ ಠಾಣೆ ಬಂದು ಕೂರುವುದು ರಿವಾಜು. ಬಿಳಿಕಲ್ಲಿನ ನಾಯಕ ಕದಗಳೊಡನೆ ಚೌಕಟ್ಟನ್ನೂ, ಅದನ್ನು ಮಾಡಿದ ಬಡಗಿಯನ್ನೂ ಕಳಿಸಿ ಕೈಮುಗಿದ. ಮರುವರ್ಷ, ಕದವಿಲ್ಲದ ಮೇಲೆ ಗೋಡೆಯೇಕೆ ಎಂಬ ಓಲೆ ಬಂತು. ಹುಲಿಗುಂದಿಯ ನಾಯಕ ಕದ ಜಡಿದು ಕೋಟೆಯ ಮೇಲೆ ಕತ್ತಿ ಹಿಡಿದು ನಿಂತ. ನಾಲ್ಕನೆಯ ದಿನಕ್ಕೆ ಕದವೂ ಇರಲಿಲ್ಲ, ನಾಯಕನೂ ಇರಲಿಲ್ಲ. ಈಗ ಅಲ್ಲಿ ಒಳ್ಳೆಯ ಸೀತಾಫಲ ಬೆಳೆಯುತ್ತದೆ.

ನಮ್ಮ ದುರ್ಗಕ್ಕೆ ಆಗ ಕರೇಕಲ್ಲು ಎಂದು ಹೆಸರು. ನಾಯಕ ಕೆಂಚಪ್ಪ, ಅವನ ಹೆಂಡತಿ ತಿಪ್ಪಾಜಿ ನಾಗತಿ. ಮದುವೆಯಾಗಿ ಆರು ವರ್ಷ. ಓಲೆ ಓದಿದ ಮೇಲೆ ಚಾವಡಿಯಲ್ಲಿ ಹಿರಿಯನೊಬ್ಬ, ಬಡಗಣ ದೊರೆಗೂ ಈ ಚಕ್ರವರ್ತಿಗೂ ಹಗೆಯಿದೆ, ಅವನನ್ನೇ ನೆರವಿಗೆ ಕರೆಸೋಣ ಎಂದನಂತೆ. ತಿಪ್ಪಾಜಿ ಹೇಳಿದಳು: "ಹಾವು ಬಂತು ಅಂತ ತೋಳ ಸಾಕಿದ್ರೆ ಕುರಿ ಉಳೀತಾವೇನಪ್ಪ?" ಕಾಯಲು ಕೋಟೆಯಲ್ಲಿದ್ದದ್ದು ಇನ್ನೂರು ಮಂದಿ, ಅದರಲ್ಲಿ ಹಲ್ಲಿದ್ದವರು ನೂರ ಮೂವತ್ತು. ಹೋಗಿಬರುತ್ತೇನೆ ಎಂದು ನಾಯಕನೇ ಎದ್ದ.

ಕರೆದೊಯ್ಯಲು ಬಂದವನು ಪಟ್ಟಣದಲ್ಲಿ ಓಲೆ ಬರೆಯುವ ರಾಯಸ, ತಿಮ್ಮಣಯ್ಯನೆಂಬ ಮಂಡಿನೋವಿನ ಮುದುಕ. ನಡುಹಗಲಿನಲ್ಲಿ ಎಡಗದವನ್ನು ಕಳಚಿ ಗಾಡಿಗೇರಿಸಿದ್ದಾಯಿತು. ಬಡಗಿಗಳು ಬಲಗದಕ್ಕೆ ಹಾರೆ ಹಾಕುವಾಗ ತಿಪ್ಪಾಜಿ ಬಂದು ಅದರ ಮೇಲೆ ಅಂಗೈ ಊರಿದಳು.

"ಇದು ಬೇಡ."

"ಎರಡೂ ಅಂತ ಬರೆದಿದೆ, ತಾಯಿ," ಎಂದ ತಿಮ್ಮಣಯ್ಯ.

"ಯಾಕೆ ಬರೆದಿದ್ದು ಸ್ವಾಮಿ? ನಾವು ಬಾಗ್ಲು ಹಾಕ್ಕೊಂಡು ಒಳಗೆ ಕೂರಬಾರದು ಅಂತ ತಾನೆ? ದೂರ ಹೋದೋರ ಬೆನ್ನಿಗೆ ಬಾಗ್ಲು ಹಾಕೋ ಪದ್ಧತಿ ನಮ್ಮಲ್ಲಿಲ್ಲ. ಹೋದೋರು ತಿರುಗಿ ಬರೋಗಂಟ ತೆಗೆದದ್ದು ತೆಗೆದೇ ಇರಬೇಕು. ಯಜಮಾನರನ್ನ ಕರ್ಕೊಂಡು ಹೋಗ್ತಿರೋರು ನೀವು. ಇನ್ನು ಮುಚ್ಚೋರ್‍ಯಾರು?"

"ಮುಚ್ಚದ ಮೇಲೆ ಇದು ಯಾಕೆ?"

"ಕದಾನೇ ಇಲ್ದಿದ್ರೆ ತೆಗೆದಿಡೋದು ಏನನ್ನ? ಅವರು ಬಂದು ಈ ಹೊಸ್ತಿಲು ದಾಟಿದ ದಿನ ನಾನೇ ಇದನ್ನ ಕೀಳಿಸಿ ಗಾಡಿಗೆ ಹಾಕ್ತೀನಿ. ನಿಮ್ಮ ದೊರೆಗೆ ಹೇಳಿ, ಆಳು ಬರಲಿ, ಕದ ಹೋಗುತ್ತೆ."

ತಿಮ್ಮಣಯ್ಯ ಬಹಳ ಹೊತ್ತು ಮಂಡಿ ನೀವಿಕೊಂಡ. ಅವನೂ ಎಲ್ಲೋ ಮನೆ ಬಿಟ್ಟು ಬಂದವನೇ. "ನೀವು ಪಟ್ಟಣದಲ್ಲಿ ಇರಬೇಕಿತ್ತು, ತಾಯಿ," ಎಂದು ನಕ್ಕ.

"ಬೇಡಿ ಸ್ವಾಮಿ. ಅಲ್ಲಿಗೆ ಹೋದೋರ ರುಮಾಲೆಲ್ಲ ಎಡಕ್ಕೆ ವಾಲ್ತದಂತೆ."

ಗೆದ್ದೆನೆಂದು ಅವಳು ತಿರುಗಿದಾಗ ಕೆಂಚಪ್ಪ ಕುದುರೆಯ ಮೇಲೆ ತಲೆ ತಗ್ಗಿಸಿ ನಗುತ್ತಿದ್ದನಂತೆ. ಆ ನಗುವಿನ ಅರ್ಥ ಅವಳಿಗೆ ಹೊಳೆದದ್ದು ದಾರಿಯ ದೂಳೆಲ್ಲ ಅಡಗಿದ ಮೇಲೆ. ಅವನು ಬಂದರೆ ಕದ ಹೋಗಬೇಕು. ಕದ ಹೋದರೆ ಠಾಣೆ ಬರುತ್ತದೆ, ಕರೇಕಲ್ಲು ಬಿಳಿಕಲ್ಲಾಗುತ್ತದೆ. ಕರೇಕಲ್ಲು ಉಳಿಯಬೇಕಾದರೆ ಅವನು ಬರಬಾರದು. ಇಷ್ಟನ್ನು ತನ್ನ ಬಾಯಿಂದಲೇ ಹೇಳಿ ಮುಗಿಸಿದ್ದಳು.

ಪಟ್ಟಣದಲ್ಲಿ ಚಕ್ರವರ್ತಿ ಹೊಟ್ಟೆ ಹಿಡಿದು ನಕ್ಕ ಎನ್ನುತ್ತಾರೆ. ಅರ್ಧ ಬಾಗಿಲಿಗಾಗಿ ದಂಡು ಕಳಿಸಿದರೆ ನಗೆಪಾಟಲು. ಹೆಂಗಸು, ಒಂದು ವರ್ಷ ತಡೆದಾಳು, ಆಮೇಲೆ ತಾನಾಗಿಯೇ ಕದ ಕಳಿಸುತ್ತಾಳೆ ಎಂದುಕೊಂಡ. ಅವನ ಎಣಿಕೆ ತಪ್ಪೇನಲ್ಲ. ಮರುವರ್ಷ ದೀಪಾವಳಿ ಕಳೆದ ಮೇಲೆ ಓಲೆಕಾರ ಗುಡ್ಡ ಹತ್ತಿ, 'ಕದ ಕಳಿಸಿ, ನಾಯಕನನ್ನು ಕರೆಸಿಕೊಳ್ಳಿ' ಎಂದು ಓದುವಷ್ಟರಲ್ಲಿ ತಿಪ್ಪಾಜಿ ಬಡಗಿಯನ್ನು ಕರೆಸಿಯೇಬಿಟ್ಟಿದ್ದಳು. ಹಾರೆ ಕದದ ಸಂದಿಗೆ ಹೋಗಿತ್ತು. ಓಲೆಕಾರ ದನಿ ತಗ್ಗಿಸಿ ಹೇಳಿದ: "ನಾಯಕರು ಒಂದು ಮಾತು ಕೇಳ್ಕೊಂಡು ಬಾ ಅಂದ್ರು, ನಾಗತಿ. ಕದ ಹೆಂಗದೆ ಅಂತ."

ನೀನು ಹೇಗಿದ್ದೀಯೆ ಎಂದು ಕೇಳಿರಲಿಲ್ಲ. ಹನ್ನೆರಡು ದಿನದ ದಾರಿ ನಡೆಸಿ ಒಂದೇ ಮಾತು ಕಳಿಸಬಹುದಾಗಿದ್ದಾಗ ಅವನು ಕದದ ಸಮಾಚಾರ ಕೇಳಿದ್ದ. ತಿಪ್ಪಾಜಿ ಕಲ್ಲಿನ ಮೇಲೆ ಕೂತಳು. ಬಡಗಿ ಹಾರೆ ಹಿಡಿದು ಕಾದ, ಓಲೆಕಾರ ಕಾದ. ಕೊನೆಗೆ ಅವಳು, "ತೆಗೆದೇ ಇದೆ ಅಂತ ಹೇಳಪ್ಪ," ಎಂದಳು. ಬಡಗಿಗೆ ಎಲೆಅಡಿಕೆ ಕೊಟ್ಟು ಮನೆಗೆ ಕಳಿಸಿದಳು.

ಹತ್ತೊಂಬತ್ತು ವರ್ಷ ಹೀಗೇ ನಡೆಯಿತಂತೆ. ವರ್ಷಕ್ಕೊಮ್ಮೆ ಅದೇ ಓಲೆ, ಅದರ ಬೆನ್ನಿಗೆ ಅದೇ ಪ್ರಶ್ನೆ, ಅದೇ ಉತ್ತರ. ಅಷ್ಟರಲ್ಲಿ ಸುತ್ತಣ ಪಾಳೆಯಗಳಲ್ಲೆಲ್ಲ ಠಾಣೆ ಕೂತಿತ್ತು. ಕರೇಕಲ್ಲಿನಲ್ಲಿ ಮಾತ್ರ ನ್ಯಾಯ ಹೇಳುವವರು, ಕೆರೆಯ ತೂಬು ಎತ್ತುವವರು ಇಲ್ಲಿಯವರೇ. ಜನ ಸುಖವಾಗಿದ್ದರು. ನಾಗತಿ ದಿನಾ ಬೆಳಗ್ಗೆ ಎಡಗಡೆಯ ಕುಳಿಯಲ್ಲಿ ಸೇರಿದ ದೂಳು ಬಳಿದು, ಆ ಕದ ಮರಳಿ ಬಂದು ಕೂತಾಗ ಕಿರುಗುಟ್ಟಬಾರದೆಂದು ಎಣ್ಣೆ ಬಿಡುತ್ತಿದ್ದಳು.

ಇಪ್ಪತ್ತನೆಯ ವರ್ಷ ಓಲೆಕಾರ ಬರಲಿಲ್ಲ. ಬಂದದ್ದು ಪಟ್ಟಣವೇ. ಯಾರು ಮುತ್ತಿದರೋ, ಹೇಗೆ ಬಿದ್ದಿತೋ, ಗಾದ್ರಮ್ಮಜ್ಜಿಗೆ ಅದು ಮುಖ್ಯವಲ್ಲ. ಎಡಕ್ಕೆ ವಾಲಿದ ರುಮಾಲುಗಳು ಗಂಟುಮೂಟೆ ಹೊತ್ತು, ಕೂಸುಗಳನ್ನು ಕಟ್ಟಿಕೊಂಡು ಗುಡ್ಡ ಹತ್ತಿದವು. ಠಾಣೆಯ ಕಾವಲೂ ಇಲ್ಲದ, ಮುಚ್ಚಲೂ ಬಾರದ ಬಾಗಿಲು ಅದೊಂದೇ ತಾನೆ! ತಿಪ್ಪಾಜಿ ಹೊಸ್ತಿಲ ಪಕ್ಕ ಕೂತು ಮೂರು ದಿನ ಒಂದೊಂದು ಮುಖವನ್ನೂ ನೋಡಿದಳು. ಮೂರನೆಯ ಸಂಜೆ ಹೂ ಮಾರುವ ಹೆಂಗಸೊಬ್ಬಳು ಬಲಗದದ ಮುಂದೆ ನಿಂತುಬಿಟ್ಟಳು.

"ಈ ಹಕ್ಕೀದು ತಲೆ ನಾನು ನೋಡಿವ್ನಿ, ಅವ್ವಾ. ನಮ್ಮ ಬೀದಿ ಕೊನೇಲಿ ಒಬ್ಬರು ನಾಯಕರಿದ್ರು. ಮಂಚ ಕೊಟ್ರೂ ಒಲ್ಲೆ ಅಂದು ಒಂದು ಕದದ ಮೇಲೆ ಮಲಗೋರು. ಹೋದ ಬೇಸಗೇಲಿ ತೀರ್ಕೊಂಡ್ರು. ಅದರ ಮೇಲೇ ಹೊತ್ಕೊಂಡು ಹೋದ್ರು."

ತಿಪ್ಪಾಜಿ ಅಳಲಿಲ್ಲ ಎನ್ನುತ್ತಾರೆ. ಕೇಳಿದ್ದು ಒಂದೇ: "ರುಮಾಲು ಹೆಂಗೆ ಸುತ್ತೋರು?"

"ಬಲಕ್ಕೆ ಕಣವ್ವಾ. ಬೀದಿ ಮಂದಿಯೆಲ್ಲ ನಗೋರು."

ಚಕ್ರವರ್ತಿಯೇ ಇಲ್ಲವಾದ ಮೇಲೆ ಬಡಗಿಗಳು ಬಂದು, ಎಡಗಡೆಗೆ ಹೊಸದೊಂದು ಮಾಡಿ ಕೂರಿಸೋಣವೇ ಎಂದು ಕೇಳಿದರು. "ಅವರಿನ್ನೂ ಹೊಸ್ತಿಲು ದಾಟಿಲ್ಲವಲ್ಲ," ಎಂದಳಂತೆ ನಾಗತಿ. ಕರೇಕಲ್ಲೆಂಬ ಹೆಸರು ಮೆಲ್ಲಗೆ ಮರೆಯಾಯಿತು.

ಇತಿಹಾಸದ ಪಾಠ ಹೇಳುವ ನನ್ನ ಗೆಳತಿಯೊಬ್ಬಳು ಕದವನ್ನು ತಟ್ಟಿ ನೋಡಿ, ಈ ಮರಕ್ಕೆ ನೂರು ವರ್ಷವೂ ಆಗಿರಲಾರದು, ನಿನ್ನ ನಾಗತಿಯದ್ದಾಗಿರಲು ಸಾಧ್ಯವೇ ಇಲ್ಲ ಎಂದಳು. ಇರಬಹುದು. ಗೆದ್ದಲು ಹಿಡಿದಾಗಲೆಲ್ಲ ಊರಿನವರು ಹೊಸದು ಮಾಡಿಸಿದ್ದಾರೆ. ಪ್ರತಿ ಸಲವೂ ಒಂದನ್ನೇ ಮಾಡಿಸಿದ್ದಾರೆ, ಪ್ರತಿ ಸಲವೂ ಹಂಸದ ಹಿಂಭಾಗವನ್ನಷ್ಟೇ ಕೆತ್ತಿಸಿದ್ದಾರೆ.

ಈಗಲೂ ದೂರ ಹೋದವರ ದಾರಿ ಕಾಯುತ್ತಿರುವ ಹೆಂಗಸರು ಬರುತ್ತಾರೆ. ಗಾದ್ರಮ್ಮಜ್ಜಿ ಎಣ್ಣೆ ಬಿಟ್ಟ ಕುಳಿಯಲ್ಲಿ ಬೆರಳದ್ದಿ, ಯಾರೂ ಕೇಳದಿದ್ದರೂ, "ತೆಗೆದೇ ಇದೆ" ಎಂದು ಮೆಲ್ಲಗೆ ಹೇಳಿ ಇಳಿದುಹೋಗುತ್ತಾರೆ. ಐದೂವರೆಗೆ ಕಾವಲುಗಾರ ಸೀಟಿ ಊದಿ, ಬೋರ್ಡಿನ ಮಾತು ನಡೆಸಲು ಬಲಗದವನ್ನು ನಡುವಿನವರೆಗೆ ಎಳೆದು ನಿಲ್ಲಿಸುತ್ತಾನೆ. ಆಮೇಲೆ ಎಡಗಡೆಯಿಂದ ಹೊರಗೆ ಬಂದು ಮನೆಗೆ ಹೋಗುತ್ತಾನೆ.