ದುಭಾಷಿ ವೆಂಗಮ್ಮನವರು ದಾಟಿಸದ ಮಾತು

ನಮ್ಮ ಮನೆತನದ ಬಗ್ಗೆ ಮೊದಲು ಹೇಳಬೇಕು. ಹೊಳೆಕೋಟೆಯಲ್ಲಿ ನಮ್ಮದು ದುಭಾಷಿಗಳ ಮನೆ. ಒಬ್ಬರ ಭಾಷೆ ಇನ್ನೊಬ್ಬರಿಗೆ ತಿಳಿಯದ ಕಡೆ ನಡುವೆ ಕುಳಿತು ಇಬ್ಬರ ಮಾತನ್ನೂ ದಾಟಿಸುವುದು ನಮ್ಮ ಹಿರಿಯರ ಕೆಲಸವಾಗಿತ್ತು. ಪಾಳೆಯಗಾರರ ಕಾಲದಲ್ಲಿ ನಮ್ಮವರಿಗೆ ಗದ್ದೆ ಉಂಬಳಿಯಾಗಿ ಬಂದಿತ್ತು. ದೇವಸ್ಥಾನದಲ್ಲಿ ಮೊದಲ ತೀರ್ಥ ನಮ್ಮ ಮನೆಯವರಿಗೆ. ನಮ್ಮ ಹೆಣ್ಣುಮಕ್ಕಳಿಗೆ ಗಂಡು ಹುಡುಕಿಕೊಂಡು ಹೋದ ಪ್ರಸಂಗವಿಲ್ಲ. ಗಂಡಿನವರೇ ಕೇಳಿಕೊಂಡು ಬರುತ್ತಿದ್ದರು. ನನ್ನನ್ನು ಕಾನ್ವೆಂಟಿಗೆ ಸೇರಿಸಲು ಹೋದಾಗ ಅಲ್ಲಿನ ಮದರ್ ಎದ್ದು ನಿಂತು ನಮ್ಮ ತಂದೆಯವರಿಗೆ ಕುರ್ಚಿ ತೋರಿಸಿದರು. ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ಇಂಥ ಮನೆಯಲ್ಲೂ ತಲೆ ತಗ್ಗಿಸಿಕೊಂಡು ಹೇಳಬೇಕಾದ ಕಥೆಯೊಂದಿದೆ. ಮಕ್ಕಳೇ, ನೆಟ್ಟಗೆ ಕುಳಿತು ಕೇಳಿ. ನಡುವೆ ಬಾಯಿ ಹಾಕಬೇಡಿ.

ಹೊಳೆಕೋಟೆಯ ಹಿಂದೆ ಒಂದು ದೊಡ್ಡ ಬೆಟ್ಟ. ಬೆಟ್ಟದ ಮೇಲೆ ಮೇಲುನಾಡಿನ ಜನ. ಅವರ ಭಾಷೆ ಬೇರೆ, ಊರಿನವರ ಭಾಷೆ ಬೇರೆ. ವಾರಕ್ಕೊಮ್ಮೆ ಅವರು ಜೇನು, ಸೀಗೆಕಾಯಿ, ಅಂಟುವಾಳ ಹೊತ್ತು ಸಂತೆಗೆ ಇಳಿಯುತ್ತಿದ್ದರು. ಹೋಗುವಾಗ ಉಪ್ಪು, ಬೆಲ್ಲ, ಬಟ್ಟೆ ಹೊತ್ತು ಹತ್ತುತ್ತಿದ್ದರು. ಸಂತೆಯ ನಡುವೆ ಹುಣಸೆಮರದ ಕೆಳಗೆ ಒಂದು ಚಪ್ಪಡಿಕಲ್ಲು. ಅದರ ಮೇಲೆ ದುಭಾಷಿ ಕೂರಬೇಕು. ಎಡಗಡೆ ಊರಿನವರು, ಬಲಗಡೆ ಬೆಟ್ಟದವರು. ಇಬ್ಬರೂ ದುಭಾಷಿಯ ಮುಖ ನೋಡಿಯೇ ಮಾತಾಡಬೇಕು. ಒಬ್ಬರ ಮುಖ ಒಬ್ಬರು ನೋಡುವಂತಿಲ್ಲ. ಅದು ಸಂತೆಯ ಪದ್ಧತಿ.

ನಮ್ಮ ತಂದೆಯ ಅಜ್ಜಿ ವೆಂಗಮ್ಮನವರ ಕಾಲಕ್ಕೆ ಮನೆಯಲ್ಲಿ ಗಂಡು ದಿಕ್ಕು ಇರಲಿಲ್ಲ. ಆದ್ದರಿಂದ ಅವರೇ ಆ ಕಲ್ಲಿನ ಮೇಲೆ ಕೂರುತ್ತಿದ್ದರು. ಎರಡೂ ಭಾಷೆ ಬಲ್ಲವರು ಆ ಸೀಮೆಯಲ್ಲಿ ಅವರೊಬ್ಬರೇ. ಅವರ ಮಾವ ಕಣ್ಣು ಮುಚ್ಚುವ ಮುಂಚೆ ಸೊಸೆಗೆ ಒಂದು ಬುದ್ಧಿ ಹೇಳಿದ್ದರು.

"ಬಿಸಿ ಹಾಲನ್ನು ಎರಡು ಲೋಟದಲ್ಲಿ ಎತ್ತಿ ಹೊಯ್ದು ಆರಿಸಿ ಕೊಡ್ತೀಯಲ್ಲ, ಮಾತನ್ನೂ ಹಾಗೇ ಆರಿಸಿ ಕೊಡಬೇಕು ಕಣಮ್ಮ. ಯಾರ ಬಾಯಿಯೂ ಸುಡಬಾರದು."

ವೆಂಗಮ್ಮನವರು ಆ ಮಾತು ಮೀರಲಿಲ್ಲ. ಬೆಲ್ಲದ ವ್ಯಾಪಾರಿ ರುದ್ರಶೆಟ್ಟಿ ಹೆಗಲ ಮೇಲಿನ ವಲ್ಲಿಯನ್ನು ಮೂಗಿಗೆ ಹಿಡಿದು, "ಈ ಜನ ಮೈಗೆ ನೀರು ಹಾಕ್ಕೊಂಡು ಯಾವ ಕಾಲ ಆಯ್ತು ತಾಯಿ?" ಎನ್ನುತ್ತಿದ್ದ. ವೆಂಗಮ್ಮನವರು ಜೇನು ಮಾರಲು ಬರುತ್ತಿದ್ದ ಬೆಟ್ಟದ ಹೆಂಗಸು ಬೋಜಿಯ ಕಡೆ ತಿರುಗಿ, "ನಿಮ್ಮ ಕಡೆ ಮಳೆ ಆಯಿತೇ ಎಂದು ಶೆಟ್ಟರು ವಿಚಾರಿಸುತ್ತಾರೆ" ಎನ್ನುತ್ತಿದ್ದರು.

ಬೋಜಿಯೇನು ಕಡಿಮೆಯವಳಲ್ಲ. "ಇವನ ಹೊಟ್ಟೆ ನೋಡು, ಒಳಗೆ ಇನ್ನೊಬ್ಬ ಶೆಟ್ಟಿ ಕೂತಿದ್ದಾನೆ" ಎನ್ನುತ್ತಿದ್ದಳು. ವೆಂಗಮ್ಮನವರು ಶೆಟ್ಟಿಗೆ, "ಮನೆಯಲ್ಲಿ ಎಲ್ಲರೂ ಸೌಖ್ಯವೇ ಎಂದು ಕೇಳುತ್ತಿದ್ದಾಳೆ" ಎನ್ನುತ್ತಿದ್ದರು.

"ಪಾಪ, ಒಳ್ಳೆ ಹೆಂಗಸು" ಎಂದು ಶೆಟ್ಟಿ ಒಂದು ಅಚ್ಚು ಬೆಲ್ಲ ಹೆಚ್ಚಿಗೆ ಹಾಕುತ್ತಿದ್ದ.

ಹೀಗೆ ಆ ಸಂತೆಯಲ್ಲಿ ಜಗಳವೆಂಬುದೇ ಇರಲಿಲ್ಲ. ಬೇರೆ ಊರಿನ ಸಂತೆಗಳಲ್ಲಿ ತಲೆ ಒಡೆದ ಸುದ್ದಿ ಬಂದಾಗ ಊರಿನವರು ನಮ್ಮ ಮನೆಯ ಕಡೆ ಕೈ ಮುಗಿಯುತ್ತಿದ್ದರು. ಒಮ್ಮೆ ರುದ್ರಶೆಟ್ಟಿ, "ನಂಗೂ ಆ ಭಾಷೆ ಒಂದಿಷ್ಟು ಹೇಳಿಕೊಡಿ ತಾಯಿ, ವ್ಯಾಪಾರಕ್ಕೆ ಆಗುತ್ತೆ" ಎಂದು ಕೇಳಿದ.

ವೆಂಗಮ್ಮನವರು ಒಪ್ಪಲಿಲ್ಲ. "ಭಾಷೆ ಗೊತ್ತಿಲ್ಲದೆ ಇರೋದಕ್ಕೇ ನೀವಿಬ್ಬರೂ ಅಣ್ಣತಂಗಿ ಥರ ಇದ್ದೀರಿ ಶೆಟ್ಟರೇ. ಗೊತ್ತಾದ ದಿನ ತಕ್ಕಡಿ ಕಲ್ಲು ಎತ್ತಿಕೊಂಡು ಹೊಡೆದಾಡ್ತೀರಿ."

ಅದು ಸುಳ್ಳಲ್ಲವೆಂದು ನನಗೂ ಬಹಳ ದಿನ ಅನ್ನಿಸಿತ್ತು. ಮುಂದೆ ಕೇಳಿ.

ಬೋಜಿಗೆ ಒಬ್ಬಳೇ ಮಗಳು. ಹೆಸರು ನೀಲಿ. ಅವಳು ಹಿಂದೆ ಎರಡು ಸಲ ಹೆತ್ತಿದ್ದಳು. ಎರಡು ಸಲವೂ ಮಗು ಹೆರಿಗೆಯಲ್ಲೇ ತೀರಿಕೊಂಡಿತ್ತು. ಈಗ ಮತ್ತೆ ಬಸುರಿ. ಈ ಮಗುವಾದರೂ ಉಳಿಯಬೇಕೆಂದು ಬೋಜಿ ಬೆಟ್ಟದ ದೇವರಿಗೆಲ್ಲ ಹರಕೆ ಹೊತ್ತಳು. ಅಷ್ಟಕ್ಕೇ ಸುಮ್ಮನಾಗದೆ, ಒಂದು ಸಂತೆಯ ದಿನ ಹೊಳೆಕೋಟೆಯ ಸೂಲಗಿತ್ತಿ ಹೊನ್ನಮ್ಮನನ್ನು ಹುಡುಕಿ ಕಲ್ಲಿನ ಹತ್ತಿರ ಕರೆತಂದಳು. ಹೊನ್ನಮ್ಮನ ಕೈ ಒಳ್ಳೆಯ ಕೈ ಎಂಬ ಹೆಸರು ಬೆಟ್ಟದವರೆಗೂ ಹೋಗಿತ್ತು.

ಬೋಜಿ ವೆಂಗಮ್ಮನವರ ಮುಖ ನೋಡಿ ಹೇಳಿದಳು. "ನನ್ನ ಮಗಳಿಗೆ ದಿನ ತುಂಬುತ್ತಿದೆ. ಇವಳು ಬೆಟ್ಟಕ್ಕೆ ಬಂದು ಹೆರಿಗೆ ಮಾಡಿಸಬೇಕು. ಬರುತ್ತಾಳೋ ಇಲ್ಲವೋ, ಕೇಳಿ ಹೇಳು."

ಹೊನ್ನಮ್ಮ ಬಾಯಿತುಂಬ ಎಲೆಅಡಿಕೆ ಇಟ್ಟುಕೊಂಡು ನಕ್ಕಳು. "ನಾನಾ? ಆ ಬೆಟ್ಟ ಹತ್ತಿದ್ರೆ ನಂಗೇ ಒಬ್ಬ ಸೂಲಗಿತ್ತಿ ಬೇಕಾಯ್ತಾಳೆ ಅಮ್ಮಾವ್ರೇ. ಮಂಡಿ ಎರಡೂ ಹೋಗ್ಯವೆ. ಆಗಾಕಿಲ್ಲ ಅಂತ ಹೇಳ್ಬಿಡಿ."

ಆಗುವುದಿಲ್ಲ ಎಂಬ ಮಾತು ಆ ಕಲ್ಲಿನಿಂದ ಯಾವತ್ತೂ ಹೊರಟಿರಲಿಲ್ಲ. ಎದುರಿಗೆ ಬೋಜಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ನಿಂತಿದ್ದಳು. ಇವಳ ಬಾಯಿ ಯಾಕೆ ಸುಡಲಿ, ಹೊನ್ನಮ್ಮನನ್ನು ಆಮೇಲೆ ಹೇಗಾದರೂ ಒಪ್ಪಿಸಿದರಾಯಿತು ಎಂದು ವೆಂಗಮ್ಮನವರು ಎಣಿಸಿದರು.

"ನೋವು ಶುರುವಾದಾಗ ಹೇಳಿ ಕಳಿಸಬೇಕಂತೆ. ಬರುತ್ತಾಳೆ."

ಬೋಜಿಯ ಮುಖ ಅರಳಿತು. ಮುಂದಿನ ಸಂತೆಗೆ ಅವಳು ಮುತ್ತುಗದ ಎಲೆಯಲ್ಲಿ ಜೇನುತಟ್ಟಿ ಕಟ್ಟಿ ತಂದು ಹೊನ್ನಮ್ಮನ ಕೈಗಿಟ್ಟಳು.

"ಇದ್ಯಾಕೆ ಅಮ್ಮಾವ್ರೇ? ನಾನೇನು ಮಾಡ್ದೆ ಇವಳಿಗೆ?"

"ಪ್ರೀತಿಗೆ ಕೊಡುತ್ತಾಳೆ. ಇಟ್ಟುಕೋ."

"ಬಸುರಿ ಮಗಳನ್ನ ಮನೇಲಿ ಇಟ್ಕೊಂಡು ನಂಗೆ ತಂದವ್ಳಲ್ಲ, ಭಾಳ ಒಳ್ಳೆ ಜೀವ" ಎಂದು ಹೊನ್ನಮ್ಮ ಜೇನು ತೆಗೆದುಕೊಂಡು ಹೋದಳು.

ಒಪ್ಪಿಸುವ ಕೆಲಸವನ್ನು ವೆಂಗಮ್ಮನವರು ನಾಳೆ ನಾಳೆ ಎಂದು ತಳ್ಳಿದರು. ಒಮ್ಮೆ ಮಾತು ತೆಗೆದರು. ಹೊನ್ನಮ್ಮ ಸೀರೆ ಎತ್ತಿ ಊದಿದ ಮಂಡಿ ತೋರಿಸಿದಳು. ಇವರು ಸುಮ್ಮನಾದರು. ಬೋಜಿ ಪ್ರತಿ ಸಂತೆಯಲ್ಲೂ, "ಮರೆಯುವುದಿಲ್ಲ ತಾನೇ?" ಎಂದು ಕೇಳುತ್ತಿದ್ದಳು. ಇವರು ಪ್ರತಿ ಸಲವೂ, "ಮರೆಯುವುದಿಲ್ಲವಂತೆ" ಎನ್ನುತ್ತಿದ್ದರು.

ನೀಲಿಗೆ ನೋವು ಕಾಣಿಸಿಕೊಂಡ ದಿನ ಅವಳ ಗಂಡ ಬೆಟ್ಟದಿಂದ ಓಡಿ ಬಂದ. ಅಂದು ವೆಂಗಮ್ಮನವರು ಊರಲ್ಲಿರಲಿಲ್ಲ. ಪಕ್ಕದೂರಿನ ನೆಂಟರ ಮನೆಗೆ ಸೀಮಂತದ ಊಟಕ್ಕೆ ಹೋಗಿದ್ದರು. ಅವನು ದಾರಿಯಲ್ಲಿ ಸಿಕ್ಕವರಿಗೆಲ್ಲ ಹೊನ್ನಮ್ಮನ ಹೆಸರೊಂದನ್ನೇ ಹೇಳುತ್ತ ಅವಳ ಮನೆ ಸೇರಿದ. ಅವಳು ಅಂಗಳದಲ್ಲಿ ರಾಗಿ ಒಣಹಾಕುತ್ತಿದ್ದಳು. ಅವನು ಏನೇನೋ ಹೇಳಿದ. ಒಂದೂ ತಿಳಿಯಲಿಲ್ಲ. ಹೊಟ್ಟೆ ಮುಟ್ಟಿ ತೋರಿಸಿದ, ಬೆಟ್ಟ ತೋರಿಸಿದ, ಕೈ ಮುಗಿದ. ಪಾಪ, ಈ ಮನುಷ್ಯನಿಗೆ ಹೊಟ್ಟೆನೋವು, ಅಷ್ಟು ದೂರದಿಂದ ಔಷಧಿಗೆ ಬಂದಿದ್ದಾನೆ ಎಂದು ಹೊನ್ನಮ್ಮ ತಿಳಿದಳು. ಓಮದ ಕಷಾಯ ಕಾಯಿಸಿ ಕೊಟ್ಟಳು. ಇದನ್ನು ಕುಡಿದರೆ ಹೊರಡುತ್ತಾಳೇನೋ ಎಂದು ಅವನು ಗಟಗಟನೆ ಕುಡಿದ. ಅವಳು ಮತ್ತೆ ರಾಗಿಯ ಹತ್ತಿರ ಹೋಗಿ ಕೂತಳು. ಅವನಿಗೆ ತಡೆಯಲಾಗಲಿಲ್ಲ. ಅವಳ ತೋಳು ಹಿಡಿದು ಎಳೆದ. ಅಕ್ಕಪಕ್ಕದವರು ಬಂದು, "ಹೆಂಗಸಿನ ಮೈ ಮುಟ್ತೀಯಾ?" ಎಂದು ಅವನನ್ನು ಬೀದಿಗೆ ನೂಕಿದರು.

ಅವನು ಒಬ್ಬನೇ ಬೆಟ್ಟ ಹತ್ತಿದ. ಮೇಲೆ ನೀಲಿ ಬದುಕಿದಳು. ಮಗು ಬದುಕಲಿಲ್ಲ.

ಕೆಲವು ವಾರ ಬೋಜಿ ಸಂತೆಗೆ ಬರಲಿಲ್ಲ. ಬಂದ ದಿನ ಅವಳ ತಲೆಯ ಮೇಲೆ ಜೇನೂ ಇರಲಿಲ್ಲ, ಸೀಗೆಕಾಯಿಯೂ ಇರಲಿಲ್ಲ. ಜೊತೆಗೆ ನೀಲಿ ಇದ್ದಳು. ಬಿಳಿಚಿಕೊಂಡು, ತಾಯಿಯ ತೋಳು ಹಿಡಿದು ನಿಂತಿದ್ದಳು. ಬೋಜಿ ಪದ್ಧತಿ ಮುರಿದಳು. ದುಭಾಷಿಯನ್ನು ನೋಡದೆ, ಸಂತೆಗೆ ಬಂದಿದ್ದ ಹೊನ್ನಮ್ಮನ ಮುಖವನ್ನೇ ನೋಡಿ ಮಾತಾಡಿದಳು.

"ಬರುತ್ತೇನೆ ಎಂದೆ. ನನ್ನ ಜೇನು ತಿಂದೆ. ನನ್ನ ಅಳಿಯ ಬಂದು ಕೈ ಮುಗಿದರೆ ಅವನಿಗೆ ಕಷಾಯ ಕುಡಿಸಿ ಬೀದಿಗೆ ತಳ್ಳಿಸಿದೆ. ಬರುವುದಿಲ್ಲ ಎಂದು ಮೊದಲೇ ಹೇಳಿದ್ದರೆ ಮಗಳನ್ನು ಡೋಲಿಯಲ್ಲಿ ಹೊತ್ತು ನಾವೇ ಇಳಿಯುತ್ತಿದ್ದೆವು. ಕ್ಷಮೆ ಕೇಳು."

ಹೊನ್ನಮ್ಮ ಗಾಬರಿಯಾದಳು. "ಏನಂತೆ ಅಮ್ಮಾವ್ರೇ? ಯಾಕೆ ನನ್ನ ಹಂಗೆ ನೋಡ್ತಾವ್ಳೆ?"

ಮಕ್ಕಳೇ, ಇಲ್ಲಿ ಗಮನವಿಡಿ. ಆ ಸಂತೆಯಲ್ಲಿ ಬೋಜಿಯ ಮಾತು ತಿಳಿದವರು ಊರಿನವರಲ್ಲಿ ಒಬ್ಬರೇ. ಅವರು ಏನು ಹೇಳಿದರೂ ನಡೆಯುತ್ತಿತ್ತು. ಹೊನ್ನಮ್ಮನಿಗೆ ಒಂದು ಹೇಳಿ, ಬೋಜಿಗೆ ಇನ್ನೊಂದು ಹೇಳಿ, "ಕ್ಷಮೆ ಕೇಳಿದ್ದಾಳೆ" ಎಂದುಬಿಟ್ಟರೆ ಅಲ್ಲಿಗೆ ಮುಗಿಯುತ್ತಿತ್ತು. ಮನೆಯ ಹೆಸರು ಉಳಿಯುತ್ತಿತ್ತು. ವೆಂಗಮ್ಮನವರು ಹಾಗೆಯೇ ಶುರುಮಾಡಿದರು.

"ಮಗು ಹೋಯಿತಂತೆ ಹೊನ್ನಮ್ಮ. ದುಃಖ ಹೇಳಿಕೊಳ್ಳುತ್ತಿದ್ದಾಳೆ."

"ಅಯ್ಯೋ ಶಿವನೇ" ಎಂದಳು ಹೊನ್ನಮ್ಮ. ಅವಳ ಕಣ್ಣು ತುಂಬಿತು. "ಕೆಳೀಕ್ ಇಳಿಸ್ಕೊಂಡು ಬಂದಿದ್ರೆ ಆಗ್ತಿತ್ತಲ್ಲ. ನಮ್ಮನೆ ಜಗಲಿ ಮೇಲೆ ಎಷ್ಟು ಕೂಸು ಹುಟ್ಟಿಲ್ಲ? ನಾನು ಹತ್ತಾಕಾಗಾಕಿಲ್ಲ ಅಂದೆ. ಅವರು ಇಳಿಯಾಕೆ ಏನಾಗಿತ್ತಂತೆ? ಕೇಳಿ ಅಮ್ಮಾವ್ರೇ."

ಈ ಪ್ರಶ್ನೆಯನ್ನು ವೆಂಗಮ್ಮನವರು ಹೇಗೆ ದಾಟಿಸಬೇಕು? ಬೋಜಿ ಅದಕ್ಕೆ ಉತ್ತರವನ್ನು ಆಗಲೇ ಹೇಳಿಬಿಟ್ಟಿದ್ದಳು. ಒಬ್ಬಳು ಇಳಿಸುತ್ತಿದ್ದೆ ಎನ್ನುತ್ತಾಳೆ. ಇನ್ನೊಬ್ಬಳು ಜಗಲಿ ಬಿಟ್ಟುಕೊಡುತ್ತಿದ್ದೆ ಎನ್ನುತ್ತಾಳೆ. ಆಗುವುದಿಲ್ಲ ಎಂಬ ಒಂದು ಮಾತು ಆ ದಿನ ದಾಟಿದ್ದರೆ ಬೋಜಿ ಸಿಟ್ಟಾಗುತ್ತಿದ್ದಳು, ಬೈಯುತ್ತಿದ್ದಳು, ಹೊನ್ನಮ್ಮನೂ ಬೈಯುತ್ತಿದ್ದಳು. ಬೈದಾಡಿದ ಮೇಲೆ, "ಹಾಗಾದರೆ ನೀನೇ ಕರೆದುಕೊಂಡು ಬಾ" ಎಂಬ ಮಾತು ಬರುತ್ತಿತ್ತು. ಮೊದಲನೆಯ ಮಾತನ್ನು ತಡೆದವರು ಅದರ ಹಿಂದೆ ಬರಬೇಕಾದ ಮಾತನ್ನೂ ತಡೆದಿದ್ದರು.

ವೆಂಗಮ್ಮನವರು ಕಲ್ಲಿನಿಂದ ಇಳಿದು ನಿಂತರು. ಊರಿನ ಭಾಷೆಯಲ್ಲಿ ಹೇಳಿದರು. "ಬರುವುದಿಲ್ಲ ಎಂದು ನೀನು ಹೇಳಿದೆ ಹೊನ್ನಮ್ಮ. ಬರುತ್ತಾಳೆ ಎಂದು ನಾನು ಹೇಳಿದೆ. ಜೇನು ತಂದದ್ದು ಅದಕ್ಕೆ. ಆ ಗಂಡಸು ಓಡಿ ಬಂದದ್ದೂ ಅದಕ್ಕೆ." ಮತ್ತೆ ಬೋಜಿಯ ಕಡೆ ತಿರುಗಿ ಅವಳ ಭಾಷೆಯಲ್ಲಿ ಅದನ್ನೇ ಹೇಳಿದರು. ಒಂದು ಮಾತನ್ನೂ ಆರಿಸಲಿಲ್ಲ.

ರುದ್ರಶೆಟ್ಟಿ ತಕ್ಕಡಿ ಕೆಳಗಿಟ್ಟ. "ಹಂಗಾದ್ರೆ ತಾಯಿ, ಇಷ್ಟು ವರ್ಷ ನಾನಂದಿದ್ದು? ಅವಳಂದಿದ್ದು?"

"ಯಾವುದೂ ಇದ್ದ ಹಾಗೆ ದಾಟಿಲ್ಲ ಶೆಟ್ಟರೇ."

"ಅವಳು ನನ್ನ ಏನಂತಿದ್ಲು?" ಎಂದ ಶೆಟ್ಟಿ. ಬೇರೆ ದಿನವಾಗಿದ್ದರೆ ಜನ ನಗುತ್ತಿದ್ದರು. ಯಾರೂ ನಗಲಿಲ್ಲ. ಅವನೂ ತಲೆ ಬಗ್ಗಿಸಿದ.

ಆಗ ಹೊನ್ನಮ್ಮ ಕುಂಟುತ್ತ ಹೋಗಿ ನೀಲಿಯ ಎರಡು ಕೈಯನ್ನೂ ಹಿಡಿದುಕೊಂಡಳು. ಅವಳ ತಪ್ಪು ಇದರಲ್ಲಿ ಏನೂ ಇರಲಿಲ್ಲ. ಆದರೂ, "ತಪ್ಪಾಯ್ತು ಮಗಳೇ. ಹೊಟ್ಟೇಗ್ ಹಾಕ್ಕೋ" ಎಂದಳು. ನೀಲಿಗೆ ಆ ಮಾತು ತಿಳಿಯಲಿಲ್ಲ. ಅವಳು ವೆಂಗಮ್ಮನವರನ್ನು ನೋಡಿದಳು. ದಾಟಿಸಬೇಕಾದವರು ಸುಮ್ಮನೆ ನಿಂತಿದ್ದರು. ಆ ಮಾತನ್ನು ಬಾಯಿಗೆ ತೆಗೆದುಕೊಂಡರೆ ಅದು ತಮ್ಮದೇ ಮಾತಾಗಿಬಿಡುತ್ತದೆ ಎಂದು ಅವರಿಗೆ ಗೊತ್ತಿತ್ತು.

ಬೋಜಿ ಅವರ ಎದುರು ಬಂದು ನಿಂತಳು. "ಕ್ಷಮೆ ಕೇಳಬೇಕಾದವಳು ನೀನು. ನಮ್ಮ ಮಾತಿನಲ್ಲೂ ಕೇಳು, ಅವರ ಮಾತಿನಲ್ಲೂ ಕೇಳು."

ನಮ್ಮ ಮನೆಯಲ್ಲಿ ಈ ಕಥೆ ಹೇಳುವ ಹಿರಿಯರೆಲ್ಲ, "ವೆಂಗಮ್ಮನವರು ಬಹಳ ನೊಂದುಕೊಂಡರು" ಎಂದು ಇಲ್ಲಿಗೆ ಮುಗಿಸುತ್ತಾರೆ. ಅದೂ ಆರಿಸಿದ ಮಾತೇ. ನಾನು ಹಾಗೆ ಮುಗಿಸುವುದಿಲ್ಲ. ಅವರು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತರು. ಅಳುತ್ತಲೇ ಮನೆಗೆ ಹೋದರು. ನಿಜ ಹೇಳುವಷ್ಟು ಧೈರ್ಯ ಅವರಿಗಿತ್ತು. ಕ್ಷಮೆ ಕೇಳುವಷ್ಟು ಇರಲಿಲ್ಲ. ಎರಡು ಭಾಷೆ ಬಲ್ಲವರಿಗೆ ಎರಡರಲ್ಲೂ ಆ ಮಾತು ಬರಲಿಲ್ಲ. ಅಳುವುದು ಬೇರೆ, ಕ್ಷಮೆ ಕೇಳುವುದು ಬೇರೆ. ಇದನ್ನು ಹೇಳುವಾಗ ನನಗೆ ನಾಚಿಕೆಯಾಗುತ್ತದೆ. ಆಗಲೇಬೇಕು.

ನೀತಿ: ಭಾಷೆ ತಿಳಿಯದಿದ್ದರೆ ಜಗಳ ತಪ್ಪುತ್ತದೆ ಎನ್ನುವವರು ಅರ್ಧ ನಿಜ ಹೇಳುತ್ತಾರೆ. ಜಗಳದ ಜೊತೆಗೆ ಜಗಳದಿಂದ ಹುಟ್ಟಬೇಕಾದ ಉಪಾಯವೂ ತಪ್ಪುತ್ತದೆ. ಇನ್ನೊಬ್ಬರ ಭಾಷೆಯನ್ನು ಕಲಿಯಿರಿ. ಕಲಿಯುವವರೆಗೆ, ನಿಮ್ಮ ಕೈಗೆ ಬಂದ ಮಾತನ್ನು ಬಂದ ಹಾಗೆಯೇ ದಾಟಿಸಿ. ಒಬ್ಬರ ಮಾತನ್ನು ನೀವು ತಿದ್ದಿ, ನಯಮಾಡಿ ಇನ್ನೊಬ್ಬರಿಗೆ ಕೊಟ್ಟಿದ್ದರೆ, ಅದನ್ನು ಒಳ್ಳೆಯ ಮನಸ್ಸಿನಿಂದ ಮಾಡಿದೆ ಎಂದು ವಿವರಣೆ ಕೊಡಬೇಡಿ. ಅವರ ಎದುರಿಗೆ ಹೋಗಿ ನಿಲ್ಲಿ. ಅವರಿಗೆ ತಿಳಿಯುವ ಭಾಷೆಯಲ್ಲಿ ಕ್ಷಮೆ ಕೇಳಿ.